ಬಚ್ಚಲಮನೆಯ ಗುಡುಗು

ಚಳಿಗಾಲದ ಬೆಳಗಿನ ಜಾವ ಊರೊಂದು ಹೇಗೆ ಎಚ್ಚರಗೊಳ್ಳುತ್ತದೆ ಎಂಬುದು ಕಣ್ಣಿಗಿಂತ ಕಿವಿಗೇ ಚೆನ್ನಾಗಿ ಗೊತ್ತು. ಬಾದಾಮಿಯಲ್ಲಿ ಮೊದಲು ಕೋಳಿ ಕೂಗುತ್ತದೆ, ಆಮೇಲೆ ಧ್ವನಿವರ್ಧಕಗಳು, ಅದರ ಹಿಂದೆಯೇ ಬಸ್ ನಿಲ್ದಾಣದ ಕಡೆಯಿಂದ ಬಾಗಲಕೋಟೆ ಗಾಡಿಯ ಹಾರ್ನು. ಇವೆಲ್ಲದರ ಅಡಿಯಲ್ಲಿ, ಗಮನಿಸಿದರೆ ಮಾತ್ರ ಕೇಳುವ ಇನ್ನೊಂದು ಸದ್ದಿದೆ. ಅದು ಮನೆಮನೆಯ ಬಚ್ಚಲಲ್ಲಿ ನೀರು ಕಾಯುವ ಸದ್ದು. ಇಂಗ್ಲೆಂಡಿನಂಥ ಚಳಿದೇಶಗಳಲ್ಲಿ ಇಡೀ ಮನೆಯನ್ನು ಬೆಚ್ಚಗಿಡಲು ಬಾಯ್ಲರ್ ಬೇಕು. ನಮ್ಮ ಕಡೆ ಮನೆ ಕಾಯಿಸುವ ಕೆಲಸವನ್ನು ಸೂರ್ಯನೇ ಬೇಕಾದ್ದಕ್ಕಿಂತ ಹೆಚ್ಚಾಗಿ ಮಾಡುತ್ತಾನೆ. ನಮಗೆ ಬೇಕಾದದ್ದು ಮೈಮೇಲೆ ಸುರಿದುಕೊಳ್ಳಲು ನಾಲ್ಕು ತಂಬಿಗೆ ಬಿಸಿನೀರು, ಅಷ್ಟೇ.

ಆ ನಾಲ್ಕು ತಂಬಿಗೆಗಾಗಿ ಉತ್ತರ ಕರ್ನಾಟಕದ ಮನೆಗಳು ತಲೆಮಾರುಗಳ ಕಾಲ ನೆಚ್ಚಿಕೊಂಡಿದ್ದು ಒಲೆಯ ಮೇಲಿನ ಹಂಡೆಯನ್ನು, ಸ್ವಲ್ಪ ಅನುಕೂಲವಿದ್ದವರು ತಾಮ್ರದ ಬಂಬವನ್ನು. ಬಂಬ ನೋಡದ ಮಕ್ಕಳಿಗೆ ಅದನ್ನು ಹೀಗೆ ವರ್ಣಿಸಬಹುದು: ಸೊಂಟದೆತ್ತರದ ತಾಮ್ರದ ಪೀಪಾಯಿ, ಅದರ ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಹೊಗೆಕೊಳವೆ, ಕೊಳವೆಯ ಬುಡದಲ್ಲಿ ಕೆಂಡ, ಸುತ್ತಲೂ ನೀರು. ಒಂದು ಬದಿಗೆ ನಳ, ಇನ್ನೊಂದು ಬದಿಗೆ ನೀರು ಹುಯ್ಯಲು ಆಲಿಕೆಯಂಥ ಬಾಯಿ. ತೊಗರಿಕಟ್ಟಿಗೆ, ತೆಂಗಿನ ಚಿಪ್ಪು, ಕುಳ್ಳು, ಏನು ಹಾಕಿದರೂ ಉರಿಯುತ್ತದೆ. ನೀರು ಕಾಯುತ್ತಾ ಬಂದಂತೆ ಮೊದಲು ಸುಂಯ್ ಎನ್ನುತ್ತದೆ, ಆಮೇಲೆ ಗುಳುಗುಳು ಎನ್ನುತ್ತದೆ, ಕೊನೆಗೆ ಆಲಿಕೆಯ ಬಾಯಿಂದ ಉಗಿ ಎದ್ದಾಗ ಒಳಗಿನಿಂದ ಯಾರಾದರೂ "ನೀರ ಕಾದಾವ, ಏಳ್ರೋ" ಎಂದು ಕೂಗುತ್ತಾರೆ. ಬಂಬದ ಸದ್ದಿಗೆ ಯಾರೂ ಹೆದರುತ್ತಿರಲಿಲ್ಲ. ಮನೆಯವರೆಲ್ಲರಿಗೂ ಅದರ ಅರ್ಥ ಗೊತ್ತಿತ್ತು.

ಗೋಡೆಗೆ ನೇತುಹಾಕಿದ ಬಿಳಿ ಡಬ್ಬಿಯ ವಿಷಯ ಹಾಗಲ್ಲ. ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಅದು ಮೌನವಾಗಿದ್ದಷ್ಟು ದಿನ ಎಲ್ಲರೂ ಅದನ್ನು ಮರೆತಿರುತ್ತಾರೆ. ಒಂದು ದಿನ ಅದು ಮಾತಾಡತೊಡಗಿದರೆ ಮನೆಯವರಿಗೆ ಗಾಬರಿ.

ಬಾದಾಮಿಯ ಒಂದು ಕಿರಾಣಿ ಅಂಗಡಿಯವರ ಮನೆಯಲ್ಲಿ ಆದದ್ದು ಅದೇ. ಬಂಬ ಅಟ್ಟ ಸೇರಿ, ಬಚ್ಚಲಿನ ಗೋಡೆಗೆ 25 ಲೀಟರಿನ ವಿದ್ಯುತ್ ಗೀಝರ್ ಬಂದು ಎರಡು ವರ್ಷವಾಗಿತ್ತು. ನೀರು ಮನೆಯ ಹಿತ್ತಲಿನ ಕೊಳವೆಬಾವಿಯದು. ಮೂರನೆಯ ಚಳಿಗಾಲ, ಬನಶಂಕರಿ ಜಾತ್ರೆಗೆಂದು ಮನೆ ತುಂಬ ಬೀಗರು ಬಂದಿದ್ದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಬಚ್ಚಲ ಕಡೆಯಿಂದ ಯಾರೋ ತಗಡಿನ ಮೇಲೆ ಕಲ್ಲು ಉರುಳಿಸಿದಂತೆ ಗುಡುಗುಡು ಸದ್ದಾಯಿತು. ಬಾದಾಮಿಯವರಿಗೆ ಮಾಳಿಗೆಯ ಮೇಲೆ ಏನೇ ಸಪ್ಪಳವಾದರೂ ಮೊದಲ ಅನುಮಾನ ಮಂಗಗಳ ಮೇಲೆ. ಯಜಮಾನರು ಕೋಲು ಹಿಡಿದು ಮೇಲೆ ಹತ್ತಿದರು. ಮಂಗಗಳು ಇನ್ನೂ ಗುಡ್ಡ ಇಳಿದಿರಲಿಲ್ಲ.

"ಅಪ್ಪಾ, ಮ್ಯಾಲೆಲ್ಲೆ ಹುಡುಕತೀರಿ? ಸಪ್ಪಳ ಗೀಝರಿನ್ಯಾಗಿಂದ ಬರಾಕತ್ತೈತಿ" ಎಂದು ಕೆಳಗಿನಿಂದ ಮಗಳು ಕೂಗಿದಳು. ಅವಳು ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಮಾರ್ಚ್ ಪರೀಕ್ಷೆಗೆಂದು ಬೆಳಗಿನ ನಾಲ್ಕೂವರೆಗೆ ಎದ್ದು ಓದಲು ಕೂರುತ್ತಿದ್ದವಳಿಗೆ ಈ ಸದ್ದಿನ ಪರಿಚಯ ಮೊದಲೇ ಆಗಿತ್ತು. ಹದಿನೈದು ದಿನದಿಂದ ಅದು ಸಣ್ಣಗೆ ಚಟಪಟ ಎನ್ನುತ್ತಿತ್ತು, ಈಗ ದೊಡ್ಡದಾಗಿತ್ತು.

ಬಂದ ಬೀಗರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಕಂಪನಿಯೇ ಖೊಟ್ಟಿ ಎಂದರು. ಇನ್ನೊಬ್ಬರು ಕರೆಂಟು ಜಾಸ್ತಿ ಬರುತ್ತಿದೆ ಎಂದರು. ಮತ್ತೊಬ್ಬರು ಹೇಳಿದ್ದು ಯಜಮಾನರಿಗೆ ಹಿಡಿಸಿತು. ನೀರು ಕಾಯುವುದು ತಡವಾಗುತ್ತಿದೆಯಲ್ಲ, ಅದಕ್ಕೇ ಮಶೀನು ತಿಣುಕಾಡುತ್ತಿದೆ, ಉಷ್ಣತೆಯ ತಿರುಪನ್ನು ಪೂರ್ತಿ ಏರಿಸಿಬಿಡಿ ಎಂದು. ಅವರು ಹಾಗೇ ಮಾಡಿದರು. ಸದ್ದು ಹೆಚ್ಚಾಯಿತು. ಜೊತೆಗೆ ಗೀಝರಿನ ಕೆಳಗಿದ್ದ ಒಂದು ಸಣ್ಣ ಹಿತ್ತಾಳೆಯ ಮೂತಿಯಿಂದ ನೀರು ತೊಟ್ಟಿಕ್ಕತೊಡಗಿತು. ಬೀಗರ ಮುಂದೆ ಸೋರುವ ಗೀಝರ್ ಇರುವುದು ಚೆಂದವೇ? ಯಜಮಾನರು ಅಂಗಡಿಯಿಂದ ಬಿರುಕು ಮುಚ್ಚುವ ಗಟ್ಟಿ ಅಂಟು ತಂದು, ಚೆನ್ನಾಗಿ ನಾದಿ, ಆ ಮೂತಿಗೆ ಮೆತ್ತಲು ಸ್ಟೂಲು ಹತ್ತಿದರು.

ಅವರನ್ನು ತಡೆದದ್ದು ವಿಜ್ಞಾನ ಓದಿದ ಮಗಳಲ್ಲ, ಶಾಲೆಯ ಮೆಟ್ಟಿಲು ಹತ್ತದ ತಾಯಿ.

"ಏನ್ ಮಾಡಾಕತ್ತೀಯೋ ತಮ್ಮಾ?"

"ಸೋರತೈತಿ ಬೇ, ಮುಚ್ಚತೀನಿ."

"ಅದು ಸೋರೂ ತೂತೋ, ಉಸರಾಡೂ ತೂತೋ? ಬಂಬದ ಬಾಯಿಗೆ ಅರಿವಿ ತುರುಕಿದ್ರ ನಿಮ್ಮಪ್ಪ ಬಡಿತಿದ್ರು, ಮರತ್ಯೇನು? ಒಳಗ ಬೆಂಕಿ ಇರೂದರ ಬಾಯಿ ಮುಚ್ಚಬಾರದಪ್ಪಾ. ಮದಲ ಬಲ್ಲವ್ರನ್ನ ಕೇಳು."

ಯಜಮಾನರು ಕೈಯಲ್ಲಿನ ಅಂಟಿನ ಉಂಡೆಯನ್ನು ನೋಡಿದರು, ತಾಯಿಯನ್ನು ನೋಡಿದರು, ಸ್ಟೂಲಿನಿಂದ ಇಳಿದರು. ಅಷ್ಟು ಹೊತ್ತಿಗೆ ಮಗಳು ಮೇನ್ ಸ್ವಿಚ್ ಆರಿಸಿದ್ದಳು.

ಅಜ್ಜಿಯ ಮಾತು ಎಷ್ಟು ನಿಜ ಎಂಬುದಕ್ಕೆ ಲೆಕ್ಕ ಹಾಕಿದರೆ ಸಾಕು. ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯ ನೀರನ್ನು 75 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ನೂರಕ್ಕೆ ಎರಡರಷ್ಟು, ಇನ್ನೂ ಸ್ವಲ್ಪ ಹೆಚ್ಚೇ ಎನ್ನಿ, ಬೆಳೆಯುತ್ತದೆ. 25 ಲೀಟರಿನ ಗೀಝರಿನಲ್ಲಿ ಇದು ಅರ್ಧ ಲೀಟರಿಗೂ ಮಿಗಿಲು. ಆ ಹೆಚ್ಚಿನ ನೀರು ಎಲ್ಲಿಗಾದರೂ ಹೋಗಬೇಕು. ಬಂದ ಕೊಳವೆಯಲ್ಲೇ ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಒತ್ತಡ ಏರುತ್ತದೆ. ಒತ್ತಡ ಒಂದು ಮಿತಿ ಮೀರಿದಾಗ ತೆರೆದುಕೊಂಡು ನಾಲ್ಕು ಹನಿ ಹೊರಬಿಡಲೆಂದೇ ಆ ಹಿತ್ತಾಳೆಯ ಮೂತಿ ಇದೆ. ಅದಕ್ಕೆ ಸೇಫ್ಟಿ ವಾಲ್ವ್ ಎನ್ನುತ್ತಾರೆ. ಅದು ಆಗಾಗ ತೊಟ್ಟಿಕ್ಕಿದರೆ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬಿಡದೆ ಸೋರಿದರೆ ಬದಲಾಯಿಸಬೇಕು, ಮುಚ್ಚುವುದಂತೂ ಕೂಡದು.

ಮುಚ್ಚಿದ್ದರೆ ಏನಾಗುತ್ತಿತ್ತು? ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟ್ ಸರಿಯಾಗಿದ್ದರೆ ಬಹುಶಃ ಕೂಡಲೇ ಏನೂ ಆಗುತ್ತಿರಲಿಲ್ಲ. ಆದರೆ ಥರ್ಮೋಸ್ಟಾಟ್ ಕೆಟ್ಟು ಅಂಟಿಕೊಳ್ಳುವುದೂ ಉಂಟು. ಆಗ ನೀರು ಕಾಯುತ್ತಲೇ ಹೋಗುತ್ತದೆ. ಬಾದಾಮಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೆ ಹತ್ತಿರದ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ಪಾತ್ರೆಯ ನೀರು ಒತ್ತಡದಿಂದಾಗಿ ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದು ಕೂತಿರುತ್ತದೆ. ಆ ಸ್ಥಿತಿಯಲ್ಲಿ ತೊಟ್ಟಿ ಎಲ್ಲಾದರೂ ಬಿರಿಯಿತೋ, ಒಂದು ಭಾಗ ನೀರು ಕ್ಷಣಾರ್ಧದಲ್ಲಿ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ ಹಿಡಿಸುವ ಜಾಗ ಸಾವಿರದ ಆರುನೂರು ಲೀಟರಿಗೂ ಹೆಚ್ಚು. ಗೋಡೆ ಸಿಡಿಸಲು ಅಷ್ಟು ಸಾಕು.

ಇದು ಹೊಸ ಪಾಠವೇನಲ್ಲ. 1679ರಲ್ಲಿ ಡೆನಿ ಪಾಪ್ಯಾನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಎಲುಬನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯೊಂದನ್ನು ಇಟ್ಟ. ಇಂದಿನ ಪ್ರೆಶರ್ ಕುಕ್ಕರಿನ ಮೂಲಪುರುಷ ಅದು. ಅದು ಸಿಡಿಯದಿರಲೆಂದು ಅವನು ರೂಪಿಸಿದ ಭಾರದ ಕವಾಟವೇ ನಮ್ಮ ಕುಕ್ಕರಿನ ಸೀಟಿಯ ಹಿರಿಯಜ್ಜ. ನಮ್ಮ ದೇಶದಲ್ಲಿ 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಸಾವುನೋವಾದ ಮೇಲೆ, 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯ್ದೆಯಾಯಿತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಉಗಿ ಬಾಯ್ಲರುಗಳನ್ನು ಸರ್ಕಾರದ ಕಣ್ಣು ನೋಡುತ್ತಿರುತ್ತದೆ. ಬಚ್ಚಲಿನ ಪುಟ್ಟ ಗೀಝರಿಗೆ ಅಂಥ ಇನ್‌ಸ್ಪೆಕ್ಟರು ಬರುವುದಿಲ್ಲ. ಅದರ ಇನ್‌ಸ್ಪೆಕ್ಟರು ಮನೆಯವರೇ.

ಮರುದಿನ ವಾಯರ್‌ಮನ್ ಬಂದ. ಕರೆಂಟು ತೆಗೆದು, ನೀರು ಬಸಿದು, ಕೆಳಗಿನ ಮುಚ್ಚಳ ಬಿಚ್ಚಿ, ಕಾಯಿಸುವ ಸುರುಳಿಯನ್ನು ಹೊರಗೆಳೆದ. ಬೆರಳಿನ ದಪ್ಪದ ತಾಮ್ರದ ಕೊಳವೆ ಸುಣ್ಣ ಬಳಿದ ಮುಂಗೈಯಂತೆ ದಪ್ಪಗಾಗಿತ್ತು. ತೊಟ್ಟಿಯ ತಳದಿಂದ ತಂಬಿಗೆಗಟ್ಟಲೆ ಬಿಳಿ ಚಕ್ಕೆಗಳು ಉದುರಿದವು.

"ನೋಡ್ರಿ ಸಾವ್ಕಾರ್ರ, ಮಂಗ್ಯಾ ಇಲ್ಲೇ ಒಳಗ ಕುಂತಿತ್ತು" ಎಂದು ನಕ್ಕ.

ಈ ಬಿಳಿ ಮಂಗನ ಹುಟ್ಟೂರು ಗೀಝರಲ್ಲ, ನೆಲದೊಳಗಿನ ಕಲ್ಲು. ಬಾದಾಮಿಯ ಕಣ್ಣಿಗೆ ಕಾಣುವ ಗುಡ್ಡಗಳು ಮರಳುಗಲ್ಲಿನವು. ಚಾಲುಕ್ಯರ ಶಿಲ್ಪಿಗಳು ಗುಹೆ ಕೊರೆದದ್ದು ಆ ಕಲ್ಲಿನಲ್ಲಿ. ಮೂರನೆಯ ಗುಹೆಯ ಶಾಸನಕ್ಕೆ ಕ್ರಿ.ಶ. 578ರ ಕಾಲ. ಆದರೆ ಬಾಗಲಕೋಟೆ, ಕಲಾದಗಿ, ಲೋಕಾಪುರದ ಸುತ್ತ ಸುಣ್ಣದ ಕಲ್ಲಿನ ಪದರಗಳು ಹಾಸಿಕೊಂಡಿವೆ. ಈ ಭಾಗದ ಸಿಮೆಂಟ್ ಕಾರ್ಖಾನೆಗಳಿಗೆ ಅದೇ ಕಚ್ಚಾ ಸರಕು. ಭೂವಿಜ್ಞಾನಿಗಳು ಈ ಇಡೀ ಶಿಲಾಸಮೂಹವನ್ನು ಕಲಾದಗಿಯ ಹೆಸರಿನಿಂದಲೇ ಕರೆಯುತ್ತಾರೆ. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದ ಅಂಶವಿರುವ ಕಲ್ಲುಮಣ್ಣನ್ನು ಕರಗಿಸಿಕೊಂಡು, ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಹೊತ್ತು ಕೊಳವೆಬಾವಿ ಸೇರುತ್ತದೆ. ಅದೇ ಗಡಸು ನೀರು.

ಗಡಸು ನೀರನ್ನು ಗುರುತಿಸಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಸಾಬೂನು ನೊರೆ ಬಿಡದೆ ಮೊಸರಿನಂತೆ ಒಡೆಯುತ್ತದೆ. ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. "ಈ ನೀರಾಗ ಬ್ಯಾಳಿ ಬೇಯೂದಿಲ್ಲ" ಎಂದು ಈ ಸೀಮೆಯ ಹೆಣ್ಣುಮಕ್ಕಳು ಒಂದು ಬಾವಿ ಬಿಟ್ಟು ಇನ್ನೊಂದಕ್ಕೆ ಕೊಡ ಹೊರುತ್ತಿದ್ದುದರ ಹಿಂದಿನ ರಸಾಯನಶಾಸ್ತ್ರ ಇದೇ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು.

ಇಂಥ ನೀರನ್ನು ಕಾಯಿಸಿದಾಗ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹಿಂದೆ ಉಳಿಯುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಯಾವುದೋ ಅಲ್ಲಿಯೇ ಅದು ಹೆಚ್ಚು ಅಂಟುತ್ತದೆ. ಆಂಧ್ರದ ಬೇಲಂ ಗುಹೆಗಳಲ್ಲಿ ಚಾವಣಿಯಿಂದ ಇಳಿಬಿದ್ದ ಸುಣ್ಣದ ತೊಂಗಲುಗಳನ್ನು ಪ್ರವಾಸ ಹೋದ ಮಕ್ಕಳು ನೋಡಿರಬಹುದು. ಅಲ್ಲಿ ಸಾವಿರಾರು ವರ್ಷ ಹಿಡಿಯುವ ಕೆಲಸವನ್ನು ಗೀಝರ್ ಎರಡು ವರ್ಷದಲ್ಲಿ ಮುಗಿಸುತ್ತದೆ. ಮಗಳು ಅಂದು ಸಂಜೆ ಹಾಕಿದ ಲೆಕ್ಕ ಹೀಗಿತ್ತು: ಲೀಟರಿಗೆ 400 ಮಿಲಿಗ್ರಾಂ ಗಡಸುತನ ಎಂದಿಟ್ಟುಕೊಂಡರೆ, ದಿನಕ್ಕೆ ನೂರು ಲೀಟರ್ ಕಾಯಿಸುವ ಮನೆಯಲ್ಲಿ 40 ಗ್ರಾಂ ಗೀಝರಿನೊಳಗೆ ಹಾದುಹೋಗುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಅಂಟಿದರೂ ದಿನಕ್ಕೆ ನಾಲ್ಕು ಗ್ರಾಂ. ವರ್ಷಕ್ಕೆ? ಸುಮಾರು ಒಂದೂವರೆ ಕಿಲೋ.

ಈ ಸುಣ್ಣಕ್ಕೂ ಗುಡುಗಿಗೂ ಏನು ಸಂಬಂಧ? ಸುಣ್ಣದ ಹೊರಪು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಅದು ನೂರಕ್ಕೂ ಹೆಚ್ಚು ಪಟ್ಟು ಜಿಪುಣ. ಸುರುಳಿಯೊಳಗೆ ಹುಟ್ಟಿದ ಶಾಖ ಹೊರಗೆ ಹೋಗಲಾರದೆ ಸುರುಳಿಯೇ ವಿಪರೀತ ಕಾಯುತ್ತದೆ. ಹೊರಪಿನ ಬಿರುಕುಗಳಲ್ಲಿ ಸಿಕ್ಕಿಬಿದ್ದ ಚೂರುಪಾರು ನೀರು ಅಲ್ಲೇ ಉಗಿಯಾಗಿ ಗುಳ್ಳೆಗಳಾಗಿ ಹೊರನುಗ್ಗುತ್ತದೆ. ಹೊರಗಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ತಣ್ಣನೆಯ ನೀರು ತಾಕಿದ ಕೂಡಲೇ ಗುಳ್ಳೆಯೊಳಗಿನ ಉಗಿ ಮತ್ತೆ ನೀರಾಗಿ, ಗುಳ್ಳೆ ಕುಸಿಯುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲ ನೀರು ಎಲ್ಲ ಕಡೆಯಿಂದ ನುಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯೇ ಸದ್ದು. ಸೆಕೆಂಡಿಗೆ ಎಷ್ಟೋ ಗುಳ್ಳೆಗಳು ಹೀಗೆ ಕುಸಿದರೆ, ಲೋಹದ ತೊಟ್ಟಿ ಡೊಳ್ಳಿನಂತೆ ಅದನ್ನು ಹಿಗ್ಗಿಸಿದರೆ, ಗೋಡೆ ಅದನ್ನು ಪಕ್ಕದ ಕೋಣೆಗೂ ಮುಟ್ಟಿಸಿದರೆ, ಅದೇ ಗುಡುಗು. ಮನೆ ಕಾಯಿಸುವ ಬಾಯ್ಲರುಗಳಲ್ಲಿ ಇದೇ ಸದ್ದು ಬಂದಾಗ ಇಂಗ್ಲಿಷರು ಅದಕ್ಕೆ ಚಹದ ಕೆಟಲಿನ ಹೆಸರೇ ಇಟ್ಟು 'ಕೆಟ್ಲಿಂಗ್' ಎನ್ನುತ್ತಾರೆ.

ಒಲೆಯ ಮೇಲಿನ ಚಹದ ಪಾತ್ರೆ ಕುದಿಯುವ ಮುನ್ನ ಹಾಡಿ, ಕುದಿಯತೊಡಗಿದಾಗ ದನಿ ಬದಲಿಸುವುದನ್ನು ಎಲ್ಲರೂ ಕೇಳಿದ್ದಾರೆ. ಅಲ್ಲಿಯೂ ಕಾರಣ ಇದೇ. ತಳದಲ್ಲಿ ಹುಟ್ಟಿದ ಗುಳ್ಳೆ ಮೇಲಿನ ತಂಪು ನೀರಿನಲ್ಲಿ ಕುಸಿಯುವವರೆಗೆ ಹಾಡು. ನೀರೆಲ್ಲ ಸಮನಾಗಿ ಕಾದು ಗುಳ್ಳೆ ಕುಸಿಯದೆ ಮೇಲಕ್ಕೆ ಬಂದು ಒಡೆಯತೊಡಗಿದಾಗ ಬರೀ ಕೊತಕೊತ. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಈ ಕೆಟಲಿನ ಸದ್ದಿನ ಬಗ್ಗೆ ಬರೆದದ್ದನ್ನು ಓದಿ, ನೊಬೆಲ್ ಪಾರಿತೋಷಕ ಪಡೆದಿದ್ದ ಲಾರ್ಡ್ ರ್‍ಯಾಲೆ ಗುಳ್ಳೆ ಕುಸಿಯುವಾಗ ಹುಟ್ಟುವ ಒತ್ತಡದ ಗಣಿತವನ್ನು 1917ರಲ್ಲಿ ಬಿಡಿಸಿದ. ಹಡಗಿನ ಗಟ್ಟಿ ಲೋಹದ ಪಂಖಗಳನ್ನೂ ತಿಂದುಹಾಕುವುದು ಇಂಥ ಕುಸಿಯುವ ಗುಳ್ಳೆಗಳೇ ಎಂಬ ತಿಳಿವಳಿಕೆಗೆ ಆ ಗಣಿತ ಆಧಾರವಾಯಿತು. ಅಡುಗೆಮನೆಯ ಒಂದು ಸದ್ದನ್ನು ಕಿವಿಗೊಟ್ಟು ಕೇಳಿದ್ದರ ಫಲ ಸಮುದ್ರದಲ್ಲಿ ಕಂಡಿತು. ಪರೀಕ್ಷೆಗೆ ಬಾಯಿಪಾಠ ಮಾಡುವ ಮಕ್ಕಳು ನೆನಪಿಡಬೇಕಾದ ಸಂಗತಿ ಇದು.

ಸುಣ್ಣವನ್ನು ತೆಗೆಯುವುದು ಹೇಗೆ? ಬಾದಾಮಿಯವರಿಗೆ ಉತ್ತರ ಊರಿನ ಕಥೆಯಲ್ಲೇ ಇದೆ. ವಾತಾಪಿ ಟಗರಾಗಿ ಅತಿಥಿಗಳ ಹೊಟ್ಟೆ ಸೇರಿ, ಅಣ್ಣ ಇಲ್ವಲ ಕರೆದಾಗ ಹೊಟ್ಟೆ ಸೀಳಿ ಹೊರಬರುತ್ತಿದ್ದ. ಅಗಸ್ತ್ಯ ಮಾತ್ರ ಹೊಟ್ಟೆ ನೇವರಿಸಿ ಜೀರ್ಣವಾಗು ಎಂದು ಅಲ್ಲೇ ಅವನನ್ನು ಮುಗಿಸಿದ. ಗೀಝರಿನ ಹೊಟ್ಟೆಯ ವಾತಾಪಿಗೆ ಅಗಸ್ತ್ಯನೆಂದರೆ ಹುಳಿ. ಮಗಳು ಒಂದು ಬಿಳಿ ಚಕ್ಕೆಯ ಮೇಲೆ ನಿಂಬೆರಸ ಹಿಂಡಿದಳು. ಚುಂಯ್ ಎಂದು ನೊರೆ ಎದ್ದಿತು. ಅದು ಇಂಗಾಲದ ಡೈ ಆಕ್ಸೈಡ್. ಗುಡ್ಡದ ಮರಳುಗಲ್ಲಿನ ಚೂರಿನ ಮೇಲೂ ಹಿಂಡಿದಳು. ಅದು ಸುಮ್ಮನಿತ್ತು. ಪುಸ್ತಕದ ಒಂದು ಅಧ್ಯಾಯ ಬಚ್ಚಲ ಕಟ್ಟೆಯ ಮೇಲೆ ಎರಡು ನಿಮಿಷದಲ್ಲಿ ಮುಗಿಯಿತು. "ಇದಕ್ಯಾಕ ಇಷ್ಟ ಸಂಭ್ರಮ? ಹಂಡೇದ ಕಿಟ್ಟ ಹುಣಸಿಹಣ್ಣಿಗೇ ಬಿಡತೈತಿ, ನಮಗೇನ ಗೊತ್ತಿರಲಿಲ್ಲೇನು?" ಎಂದಳು ಅಜ್ಜಿ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಹೆಸರು ಬೇರೆ, ಹುಳಿಯ ಸ್ವಭಾವ ಒಂದೇ.

ವಾಯರ್‌ಮನ್ ಬಕೆಟ್ಟಿನ ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಸುರುಳಿಯನ್ನು ನೆನೆಸಿಟ್ಟ. ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆಮ್ಲದ ಹರಳು. ಅದು ಯಜಮಾನರ ಅಂಗಡಿಯ ಎರಡನೆಯ ಸಾಲಿನ ಡಬ್ಬಿಯಲ್ಲೇ ಇತ್ತು. ಒಂದೆರಡು ತಾಸಿನಲ್ಲಿ ಸುಣ್ಣ ಮೆತ್ತಗಾಗಿ ಉದುರಿ, ತಾಮ್ರ ಹೊರಗೆ ಬಂತು. ಹೊಸ ವಾಷರು, ಹೊಸ ಸೇಫ್ಟಿ ವಾಲ್ವು, ಉಷ್ಣತೆಯ ತಿರುಪು 60 ಡಿಗ್ರಿಗೆ. ಹೊಸ ಗೀಝರಿಗೆ ಹೋಗಬೇಕಾಗಿದ್ದ ಹಣ ಉಳಿಯಿತು. ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಇನ್ನೂ ಬೇಗ ಆಗುವುದಲ್ಲ ಎಂದು ಬೀಗರೊಬ್ಬರು ಕೇಳಿದರು. ಬೇಗ ಆಗುತ್ತದೆ, ನಿಜ. ಆದರೆ ಆ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ, ಅದರ ಹಬೆ ಪುಪ್ಪುಸವನ್ನೂ ಸುಡುತ್ತದೆ.

ನೀರು ಕಾಯಿಸುವ ಯಂತ್ರದ ಎಲ್ಲ ಸದ್ದೂ ಒಂದೇ ಅಲ್ಲ. ವೈದ್ಯರು ಎದೆಬಡಿತ ಕೇಳುವಂತೆ ಇದನ್ನೂ ಕೇಳಲು ಕಲಿಯಬಹುದು. ಕಾಯತೊಡಗಿದಾಗ ಬರುವ ಸಣ್ಣ ಸುಂಯ್ ಆರೋಗ್ಯದ ಲಕ್ಷಣ. ಕಾಯುವಾಗ, ಆರುವಾಗ ಟಿಕ್ ಟಿಕ್ ಎಂದರೆ ಲೋಹ ಹಿಗ್ಗಿ ಕುಗ್ಗುತ್ತಿದೆ, ಅಥವಾ ಥರ್ಮೋಸ್ಟಾಟ್ ಬಡಿದುಕೊಳ್ಳುತ್ತಿದೆ. ಅದಕ್ಕೂ ಚಿಂತೆಯಿಲ್ಲ. ಹುರಿಗಡಲೆ ಹುರಿದಂತೆ ಚಟಪಟ, ಮುಂದೆ ಗುಡುಗುಡು ಎಂದರೆ ಸುಣ್ಣ ಕಟ್ಟಿದೆ. ಇವತ್ತೇ ಅನಾಹುತವಿಲ್ಲ, ಆದರೆ ಕರೆಂಟಿನ ಬಿಲ್ಲು ಏರುತ್ತಿದೆ, ಸುರುಳಿಯ ಆಯುಷ್ಯ ಇಳಿಯುತ್ತಿದೆ. ನಳ ಮುಚ್ಚಿದ ಕೂಡಲೇ ಧಡ್ ಎಂದರೆ ದೋಷ ಗೀಝರಿನದಲ್ಲ, ಕೊಳವೆಯದು. ಓಡುತ್ತಿದ್ದ ನೀರು ತಟ್ಟನೆ ನಿಂತು ಗುದ್ದುತ್ತದೆ. ಕೊಳವೆಗೆ ಗಟ್ಟಿಯಾಗಿ ಹಿಡಿಕೆ ಹಾಕಿಸಬೇಕು, ನಳವನ್ನು ನಿಧಾನವಾಗಿ ತಿರುಗಿಸಬೇಕು.

ಸುಮ್ಮನಿರಬಾರದ ಸದ್ದುಗಳು ಬೇರೆ ಇವೆ. ನಳ ತಿರುಗಿಸಿದರೆ ನೀರಿನ ಬದಲು ಉಗಿ ಬುಸುಗುಟ್ಟುವುದು, ಸೇಫ್ಟಿ ವಾಲ್ವಿನಿಂದ ಬಿಡದೆ ಉಗಿ ಚಿಮ್ಮುವುದು, ಚರಚರ ಕಿಡಿಯ ಸದ್ದಿನೊಡನೆ ಸುಟ್ಟ ವಾಸನೆ ಬರುವುದು, ನೀರು ಮುಟ್ಟಿದರೆ ಜುಮ್ ಎನ್ನುವುದು. ಇವುಗಳಲ್ಲಿ ಯಾವುದು ಕಂಡರೂ ಬಚ್ಚಲಿನಿಂದ ಹೊರಬಂದು ಮೇನ್ ಸ್ವಿಚ್ ಆರಿಸಬೇಕು. ಆಮೇಲೆ ಬಿಚ್ಚುವ ಸಾಹಸಕ್ಕೆ ಹೋಗದೆ ಬಲ್ಲವರನ್ನು ಕರೆಸಬೇಕು. ಮಾಳಿಗೆಯ ಮೇಲಿನ ಸೌರ ಹೀಟರಿಗೂ ಗಾಳಿಯಾಡುವ ಕೊಳವೆ ಇರುತ್ತದೆ. ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟಾಗ ಅದರಿಂದ ಉಗಿ ಬರುವುದು ಸಹಜ. ಕಸ ಬೀಳುತ್ತದೆಂದೋ ಮಂಗ ಕೈ ಹಾಕುತ್ತದೆಂದೋ ಅದನ್ನು ಮುಚ್ಚಬಾರದು.

ಧಾರವಾಡ, ವಿಜಯಪುರ, ಬೆಂಗಳೂರಿನಲ್ಲಿ ಕೋಣೆ ಹಿಡಿದು ಓದುವ ಮಕ್ಕಳ ಸಂಗಾತಿ ಗೀಝರಲ್ಲ, ಬಕೆಟ್ಟಿನಲ್ಲಿ ಅದ್ದುವ ಕಾಯಿಲ್. ಅದಕ್ಕೂ ಸುಣ್ಣ ಕಟ್ಟುತ್ತದೆ, ಅದೂ ಚಟಗುಡುತ್ತದೆ. ಹದಿನೈದು ದಿನಕ್ಕೊಮ್ಮೆ ತಣ್ಣಗಾದ ಮೇಲೆ, ಪ್ಲಗ್ ಕಿತ್ತಿಟ್ಟು, ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಒರೆಸಿದರೆ ಸಾಕು. ನೀರು ಕಾದಿದೆಯೇ ಎಂದು ನೋಡಲು ಕರೆಂಟು ಇರುವಾಗಲೇ ಬೆರಳು ಅದ್ದುವ ಚಟ ಮಾತ್ರ ಜೀವಕ್ಕೆ ಮುಳುವು. ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಆಮೇಲೆ ಬೆರಳು. ಲೋಹದ ಬಕೆಟ್ಟು ಬೇಡ, ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯದಾಗಿಸುವ ಜಾಣತನವೂ ಬೇಡ. ಆ ಮೂರನೆಯ ಕಡ್ಡಿಯೇ ಅರ್ಥಿಂಗ್. ಮಗನನ್ನೋ ಮಗಳನ್ನೋ ಪರಊರಿಗೆ ಕಳಿಸುವಾಗ ಚಕ್ಕುಲಿ, ಶೇಂಗಾ ಚಟ್ನಿಯ ಡಬ್ಬಿಯ ಜೊತೆಗೆ ಈ ನಾಲ್ಕು ಮಾತನ್ನೂ ಕಟ್ಟಿಕೊಡಬೇಕು.

ಕೊನೆಯದಾಗಿ ತಂದೆತಾಯಂದಿರು ತಿಳಿದಿರಬೇಕಾದ ಸಂಗತಿ ಸದ್ದಿನದಲ್ಲ, ಸದ್ದಿಲ್ಲದ್ದು. ಅಡುಗೆ ಅನಿಲದಿಂದ ಉರಿಯುವ ಗ್ಯಾಸ್ ಗೀಝರನ್ನು ಕಿಟಕಿಯಿಲ್ಲದ ಸಣ್ಣ ಬಚ್ಚಲಿನೊಳಗೆ ಹಾಕಿ, ಚಳಿಗೆಂದು ಬಾಗಿಲು ಭದ್ರವಾಗಿ ಮುಚ್ಚಿ ಸ್ನಾನ ಮಾಡುವವರು ಇದ್ದಾರೆ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ತಲೆ ಭಾರವಾಗಿ, ಕಾಲು ಸೋತು, ಕೂಗುವ ಮುನ್ನವೇ ಪ್ರಜ್ಞೆ ತಪ್ಪುತ್ತದೆ. ನಮ್ಮ ರಾಜ್ಯದಲ್ಲೂ ಇಂಥ ಸಾವುಗಳು ಮತ್ತೆಮತ್ತೆ ಸುದ್ದಿಯಾಗಿವೆ. ಗ್ಯಾಸ್ ಗೀಝರ್ ಇರಬೇಕಾದದ್ದು ಗಾಳಿಯಾಡುವ ಹೊರಗಿನ ಜಾಗದಲ್ಲಿ, ಬಚ್ಚಲೊಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಕೆಂಡ ತುಂಬಿದ ಬಂಬಕ್ಕೂ ಇದೇ ನಿಯಮ. ಹಿಂದಿನವರ ಬಚ್ಚಲಿಗೆ ಹೆಂಚಿನ ಸಂದಿ, ಬೆಳಕಿಂಡಿಗಳಿದ್ದವು. ಇಂದಿನ ಗಾಜಿನ ಕಿಟಕಿ, ಟೈಲ್ಸಿನ ಗೋಡೆಗಳಿಗೆ ಅಂಥ ಸಂದಿಯಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಗುಡುಗುವ ಗೀಝರ್ ಮನೆಯ ಮರ್ಯಾದಸ್ಥ ಆಳಿನಂತೆ. ಮೈ ಸರಿಯಿಲ್ಲದಿದ್ದರೆ ಹೇಳಿಕೊಳ್ಳುತ್ತದೆ. ಗಡಸು ನೀರಿನ ಊರುಗಳಲ್ಲಿ ವರ್ಷಕ್ಕೊಮ್ಮೆ, ಚಳಿಗಾಲ ಹೊಗುವ ಮುನ್ನ, ದೀಪಾವಳಿಯ ಎಣ್ಣೆನೀರಿಗೆ ಮೊದಲು ಅದರ ಹೊಟ್ಟೆ ಬಿಚ್ಚಿಸಿ ಸುಣ್ಣ ತೆಗೆಸುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಹಚ್ಚಿ, ಕೊರಳಿಗೆ ಬಳ್ಳಿ ಕಟ್ಟಿ ಪೂಜಿಸುವ ಸಂಪ್ರದಾಯ ನಮ್ಮಲ್ಲಿ ಮೊದಲಿನಿಂದಲೂ ಇದೆ. ಹಂಡೆಯ ಜಾಗಕ್ಕೆ ಬಿಳಿ ಡಬ್ಬಿ ಬಂದಿದ್ದರೆ, ಆ ದಿನದ ತಿಕ್ಕಾಟದಲ್ಲಿ ಅದಕ್ಕೂ ಒಂದು ಪಾಲು ಸಲ್ಲಬೇಕು. ವಾಯರ್‌ಮನ್ ಅದನ್ನು ಬಿಚ್ಚುವಾಗ ಓದುವ ಮಕ್ಕಳನ್ನು ಪುಸ್ತಕದಿಂದ ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅರ್ಧ ತಾಸಿನ ಓದು ನಷ್ಟವಾಗುತ್ತದೆಂಬ ಚಿಂತೆ ಬೇಡ. ಅದೂ ಓದೇ.